ಏಣಿ ಎತ್ತುವ ಮೊದಲು ತಲೆ ಎತ್ತಿ

(ಕೊಡಗಿನ ಗೋಣಿಕೊಪ್ಪಲಿನಲ್ಲಿ ಕಾಫಿ ತೋಟದ ರೈಟರುಗಳು, ಅಂದರೆ ಹಾಜರಿ ಮತ್ತು ಲೆಕ್ಕ ಬರೆಯುವವರು, ಹಾಗೂ ಮೇಸ್ತ್ರಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಒಂದು ಪ್ರಶ್ನೆಯಿಂದ ಶುರು ಮಾಡುತ್ತೇನೆ. ನಿಮ್ಮ ತೋಟದಲ್ಲಿ ದೊಡ್ಡದೊಂದು ಮರ ಬೀಳಿಸುವುದಿದೆ ಅಂದುಕೊಳ್ಳಿ. ಏನು ಮಾಡುತ್ತೀರಿ? ನಾಲ್ಕು ಜನ ಸುತ್ತ ನಿಂತು ಯಾವ ಕಡೆಗೆ ಬೀಳಿಸೋದು ಅಂತ ಮಾತಾಡುತ್ತೀರಿ. ಹಗ್ಗ ಕಟ್ಟುತ್ತೀರಿ. ರಸ್ತೆಯಲ್ಲಿ ಯಾರೂ ಬಾರದ ಹಾಗೆ ಒಬ್ಬನನ್ನು ನಿಲ್ಲಿಸುತ್ತೀರಿ. ಸಾಹುಕಾರರೂ ಬಂದು ನೋಡುತ್ತಾರೆ. ಸರಿ, ಸ್ಟೋರಿನಲ್ಲಿ ಒಂದು ಬಲ್ಬ್ ಬದಲಿಸೋದಿದ್ದರೆ? ಯಾರ ಜೊತೆಯಾದರೂ ಮಾತಾಡುತ್ತೀರಾ? ಕೈಗೆ ಸಿಕ್ಕಿದ್ದರ ಮೇಲೆ ಹತ್ತುತ್ತೀರಿ, ಅಲ್ವಾ?

ನಾನು ಹತ್ತಿದ್ದು ಕಾಫಿ ಮೂಟೆಯ ಮೇಲೆ. 30 ವರ್ಷಕ್ಕೂ ಜಾಸ್ತಿ ತೋಟದಲ್ಲಿ ರೈಟರ್ ಆಗಿದ್ದೆ. ಕಾಡಾನೆ ಎರಡು ಸಲ ಅಟ್ಟಿಸಿಕೊಂಡು ಬಂದಿದೆ. ಮಳೆಗಾಲದಲ್ಲಿ ತುಂಬಿದ ತೋಡು ದಾಟಿದ್ದೇನೆ. ಆಗೆಲ್ಲ ಒಂದು ಗೀರು ಕೂಡ ಆಗಲಿಲ್ಲ. ಕೈ ಮುರಿದದ್ದು ಮಾತ್ರ ಬಲ್ಬ್ ಬದಲಿಸುವಾಗ. ಒಂದರ ಮೇಲೊಂದು ಪೇರಿಸಿದ ಮೂಟೆಗಳು. ಮೇಲಿನದು ಜಾರಿತು, ಜೊತೆಗೆ ನಾನೂ. ಏಣಿ ಇಪ್ಪತ್ತು ಹೆಜ್ಜೆ ದೂರದಲ್ಲೇ ಇತ್ತು. ತರೋದಕ್ಕೆ ಸೋಮಾರಿತನ. ಆ ವರ್ಷ ಎರಡು ತಿಂಗಳು ಎಡಗೈಯಲ್ಲಿ ಹಾಜರಿ ಬರೆದೆ. ಆ ಪುಸ್ತಕ ನೋಡಿದವರು ಇವತ್ತಿಗೂ ನಗುತ್ತಾರೆ.

ಇವತ್ತು ನಾನು ಮಾತಾಡೋದು ಇಂಥ ಸಣ್ಣ ಕೆಲಸಗಳ ಬಗ್ಗೆ. ದೊಡ್ಡ ಕೆಲಸಕ್ಕೆ ಭಯ ಇರುತ್ತದೆ, ಆ ಭಯವೇ ಯೋಜನೆ ಮಾಡಿಸುತ್ತದೆ. ಸಣ್ಣದಕ್ಕೆ ಭಯ ಇಲ್ಲ. ಹಾಗಾಗಿ ಯಾರಾದರೊಬ್ಬರು ಬೇಕಂತಲೇ ನಿಂತು ಯೋಚಿಸಬೇಕು. ತೋಟದಲ್ಲಿ ಆ 'ಯಾರಾದರೊಬ್ಬರು' ಅಂದರೆ ನೀವೇ.

ಮರಕ್ಕೆ ಹಬ್ಬಿಸಿದ ಕರಿಮೆಣಸಿನಿಂದ ಶುರು ಮಾಡೋಣ. ಇನ್ನೇನು ಮೆಣಸು ಕುಯ್ಯುವ ಕಾಲ. ಗೊಂಚಲಲ್ಲಿ ಒಂದೆರಡು ಕಾಳು ಕೆಂಪಾದರೆ ಸಾಕು, ನಾವು ಏಣಿ ಹೊರಗೆ ತೆಗೆಯುತ್ತೇವೆ. ಮೊದಲೆಲ್ಲ ಒಂಟಿ ಬಿದಿರಿನ ಏಣಿ. ಈಗ ಹೆಚ್ಚಿನ ತೋಟಗಳಲ್ಲಿ ಅಲ್ಯೂಮಿನಿಯಂ. ಹಗುರ, ಇಬ್ಬರಿದ್ದರೆ 30 ಅಡಿಯದ್ದನ್ನೂ ನಿಲ್ಲಿಸಿಬಿಡಬಹುದು. ಆ ಹಗುರತನವೇ ತಲೆನೋವು. ಭಾರದ ಏಣಿಯಾದರೆ ಮಲಗಿಸಿ ಹೊರುತ್ತಿದ್ದರು. ಇದನ್ನು ನಿಲ್ಲಿಸಿಕೊಂಡೇ ಒಂದು ಮರದಿಂದ ಇನ್ನೊಂದು ಮರಕ್ಕೆ ನಡೆದುಬಿಡುತ್ತಾರೆ.

ನಮ್ಮ ತೋಟದ ನಡುವೆ ಒಂದು ಹನ್ನೊಂದು ಕೆವಿ ವಿದ್ಯುತ್ ಲೈನ್ ಹೋಗಿತ್ತು. ಒಂದು ಮಾರ್ಚ್ ತಿಂಗಳು, ಬೆಳಿಗ್ಗೆ ಹತ್ತು ಗಂಟೆ ಇರಬಹುದು. ಇಬ್ಬರು ಹುಡುಗರು ಏಣಿ ನಿಲ್ಲಿಸಿಕೊಂಡು ಸಿಲ್ವರ್ ಓಕ್ ಸಾಲಿನಲ್ಲಿ ಬರುತ್ತಿದ್ದರು. ಇಬ್ಬರ ಕಣ್ಣೂ ಕಾಲ ಬುಡದಲ್ಲಿ. ಕಾಫಿ ಗಿಡದ ಬೇರು, ಕಲ್ಲು, ಇಳಿಜಾರು, ನೋಡಿಕೊಂಡೇ ನಡೆಯಬೇಕಲ್ಲ. ನಾನು ಆಚೆ ಬದಿಯಲ್ಲಿ ತೂಕ ಬರೆದುಕೊಳ್ಳುತ್ತಿದ್ದೆ. ಮೇಸ್ತ್ರಿ ಒಮ್ಮೆಲೇ 'ನಿಲ್ಲೋ!' ಅಂತ ಕೂಗಿದ. ಕೂಗಿಗೆ ಹೆದರಿ ಇಬ್ಬರೂ ನಿಂತರು. ತಲೆ ಎತ್ತಿ ನೋಡಿದೆ. ಏಣಿಯ ತುದಿಗೂ ತಂತಿಗೂ ನಡುವೆ ಒಂದು ಮಾರು ಜಾಗ ಉಳಿದಿತ್ತು. ಅಷ್ಟೇ.

ಏಣಿ ಇಳಿಸಿದ ಮೇಲೆ ನಾನು ಹುಡುಗರಿಗೆ ಬೈದೆ. ಮೇಸ್ತ್ರಿ ಸುಮ್ಮನಿದ್ದ. ಮಧ್ಯಾಹ್ನ ಊಟಕ್ಕೆ ಕೂತಾಗ ಕೇಳಿದ, 'ರೈಟರೇ, ಆ ಲೈನ್ ಇರೋದು ಅವರಿಗೆ ಯಾರು ಹೇಳಿದ್ರು?' ಯಾರೂ ಹೇಳಿರಲಿಲ್ಲ. ಅವರು ತೋಟಕ್ಕೆ ಬಂದು ಮೂರು ದಿನ ಆಗಿತ್ತು. ನಾನು ಆ ಲೈನಿನ ಕೆಳಗೆ 11 ವರ್ಷ ಓಡಾಡಿದ್ದೆ. ಓಡಾಡಿ ಓಡಾಡಿ ಅದು ನನ್ನ ಕಣ್ಣಿಗೆ ಬೀಳೋದೇ ನಿಂತುಹೋಗಿತ್ತು.

ಈ ಲೈನಿನ ಬಗ್ಗೆ ನಾಲ್ಕು ವಿಷಯ ಹೇಳುತ್ತೇನೆ. ಗೊತ್ತಿದ್ದವರು ಇನ್ನೊಮ್ಮೆ ಕೇಳಿಸಿಕೊಳ್ಳಿ. ಹನ್ನೊಂದು ಕೆವಿ ಅಂದರೆ 11,000 ವೋಲ್ಟ್. ನಮ್ಮ ಮನೆಯಲ್ಲಿ ಬರೋದು 230, ಅದೇ ಜೀವ ತೆಗೆಯುತ್ತದೆ. ಆ ತಂತಿಯ ಮೇಲೆ ರಬ್ಬರ್, ಪ್ಲಾಸ್ಟಿಕ್ ಏನೂ ಸುತ್ತಿರುವುದಿಲ್ಲ, ಬರೀ ಲೋಹ. ಅದಕ್ಕೆ ಏಣಿ ತಗುಲಲೇಬೇಕು ಅಂತಿಲ್ಲ, ತೀರಾ ಹತ್ತಿರ ಹೋದರೆ ಕಿಡಿ ಹಾರಿ ಹಿಡಿಯಬಹುದು. ಇನ್ನೊಂದು, ತಂತಿ ಯಾವಾಗಲೂ ಒಂದೇ ಎತ್ತರದಲ್ಲಿ ಇರೋದಿಲ್ಲ. ಬಿಸಿಲಿಗೆ ಹಿಗ್ಗಿ ಜೋತು ಬೀಳುತ್ತದೆ. ನಾವು ಮೆಣಸು ಕುಯ್ಯೋದು ಯಾವಾಗ? ಸರಿಯಾಗಿ ಆ ಬಿಸಿಲಲ್ಲೇ. ಡಿಸೆಂಬರ್ ಚಳಿಯಲ್ಲಿ ನೋಡಿ 'ಬೇಕಾದಷ್ಟು ಎತ್ತರ ಇದೆ' ಅಂದುಕೊಂಡಿದ್ದು ಮಾರ್ಚಿನಲ್ಲಿ ಹಾಗಿರುವುದಿಲ್ಲ.

ನಮ್ಮ ಕಡೆ ಒಂದು ಮಾತಿದೆ, ನೀವೂ ಹೇಳಿರುತ್ತೀರಿ. 'ಕರೆಂಟ್ ಹೋಗಿದೆ, ಈಗಲೇ ಲೈನ್ ಹತ್ತಿರದ್ದು ಕುಯ್ದುಬಿಡಿ.' ದಯವಿಟ್ಟು ಹಾಗೆ ಮಾಡಬೇಡಿ. ನಮ್ಮ ಮನೆಯಲ್ಲಿ ಕರೆಂಟ್ ಇಲ್ಲ ಅಂದರೆ ಟ್ರಾನ್ಸ್‌ಫಾರ್ಮರ್ ಹತ್ತಿರ ಫ್ಯೂಸ್ ಹೋಗಿರಬಹುದು. ಅದರಾಚೆ ಹನ್ನೊಂದು ಕೆವಿ ತಂತಿಯಲ್ಲಿ ಜೀವ ಇದ್ದೇ ಇರುತ್ತದೆ. ಪೂರ್ತಿ ಹೋಗಿದ್ದರೂ ಯಾವ ಕ್ಷಣದಲ್ಲಿ ಬಿಡುತ್ತಾರೆ ಅಂತ ನಮಗೆ ಯಾರೂ ಫೋನ್ ಮಾಡಿ ಹೇಳುವುದಿಲ್ಲ.

ಹಾಗಾದರೆ ಲೈನಿನ ಪಕ್ಕದ ಮೆಣಸು ಕುಯ್ಯೋದೇ ಬೇಡವಾ? ಕುಯ್ಯೋಣ. ನಾವು ಮಾಡಿಕೊಂಡ ಉಪಾಯ ಹೇಳುತ್ತೇನೆ. ಏಣಿ ಯಾವ ಕಡೆಗೆ ಬಿದ್ದರೂ ತಂತಿಗೆ ತಾಗಬಾರದು, ಇದು ಲೆಕ್ಕ. ಏಣಿ 30 ಅಡಿ ಇದ್ದರೆ ಅದಕ್ಕೆ 10 ಅಡಿ ಸೇರಿಸಿ 40 ಅಡಿ. ತಂತಿಯ ನೇರ ಕೆಳಗಿನ ನೆಲದಿಂದ ಎರಡೂ ಬದಿಗೆ ಅಷ್ಟು ಅಳೆದೆವು. ಅದರೊಳಗೆ ಬಂದ ಮರಗಳಿಗೆಲ್ಲ ಎದೆ ಎತ್ತರದಲ್ಲಿ ಬಳ್ಳಿಯ ನಡುವೆ ಸಿಕ್ಕ ಜಾಗದಲ್ಲಿ ಸುಣ್ಣ ಬಳಿದೆವು. ಸುಣ್ಣದ ಮರ ಅಂದರೆ ಅಲ್ಲಿ ಏಣಿ ಇಲ್ಲ. ಅವನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದೆವು. ವಿದ್ಯುತ್ ಕಚೇರಿಗೆ ಮೊದಲೇ ಬರೆದುಕೊಟ್ಟು ಲೈನ್ ಕ್ಲಿಯರ್ ಕೇಳೋದು. ಲೈನ್‌ಮನ್ ಬಂದು, 'ಆಫ್ ಆಗಿದೆ, ಇಷ್ಟು ಗಂಟೆವರೆಗೆ' ಅಂತ ಎದುರು ನಿಂತು ಹೇಳಿದ ಮೇಲೆ ಎಲ್ಲರೂ ಅಲ್ಲೇ ಸೇರಿ ಒಂದೇ ದಿನ ಮುಗಿಸೋದು. ಒಂದು ವರ್ಷ ಲೈನ್ ಕ್ಲಿಯರ್ ಸಿಗೋದು ತಡವಾಯಿತು. ಆರು ಮರದ ಮೆಣಸು ಉದುರಿ ಹೋಯಿತು. ಸಾಹುಕಾರರು ಗೊಣಗಿದರು. ಗೊಣಗಲಿ.

ಇನ್ನು ನಿಜವಾಗಿ ಏಣಿ ತಾಗಿಬಿಟ್ಟರೆ. ಇದನ್ನು ಕೂಲಿಗೆ ಬರುವ ಪ್ರತಿಯೊಬ್ಬರಿಗೂ ಹೇಳಿ. ನೋಡಿದವನು ಓಡಿಹೋಗಿ ಎಳೆಯಬಾರದು. ಜೊತೆಯವನು ಬಿದ್ದಿರುವಾಗ ಸುಮ್ನೆ ನಿಲ್ಲೋದು ಎಷ್ಟು ಕಷ್ಟ ಅಂತ ನನಗೂ ಗೊತ್ತು. ಆದರೆ ಏಣಿಯಲ್ಲಿ, ಅವನ ಮೈಯಲ್ಲಿ, ಸುತ್ತಲಿನ ನೆಲದಲ್ಲೂ ಕರೆಂಟ್ ಇರುತ್ತದೆ. ಮುಟ್ಟಿದವನು ಎರಡನೆಯವನಾಗುತ್ತಾನೆ. ದೂರ ನಿಲ್ಲಿ, ಬೇರೆಯವರನ್ನು ದೂರ ನಿಲ್ಲಿಸಿ, 1912ಕ್ಕೆ ಫೋನ್ ಮಾಡಿ ಲೈನ್ ಆಫ್ ಮಾಡಿಸಿ, 108ಕ್ಕೆ ಮಾಡಿ. ಲೈನ್‌ಮನ್ ನಂಬರ್ ಇದ್ದರೆ ಅದಕ್ಕೂ ಮಾಡಿ. ಎಲ್ಲಿಂದ ಮಾಡುತ್ತೀರಿ? ನಗಬೇಡಿ. ನಮ್ಮ ತೋಟಗಳಲ್ಲಿ ಟವರ್ ಸಿಗೋ ಜಾಗ ಒಂದೋ ಎರಡೋ. ಯಾವ ಬ್ಲಾಕಿನಲ್ಲಿ ಕೆಲಸವೋ ಅಲ್ಲಿಗೆ ಹತ್ತಿರದ ಟವರ್ ಜಾಗ ಎಲ್ಲಿದೆ ಅಂತ ಬೆಳಿಗ್ಗೆಯೇ ಗೊತ್ತಿರಬೇಕು. ಆಂಬ್ಯುಲೆನ್ಸಿಗೆ ತೋಟದ ಹೆಸರು ಹೇಳಿದರೆ ಸಾಲದು, ಯಾವ ಬಸ್ ಸ್ಟಾಪ್, ಯಾವ ಗೇಟ್, ಗೇಟಿನಲ್ಲಿ ಯಾರು ನಿಂತಿರುತ್ತಾರೆ ಅನ್ನೋದನ್ನೂ ಹೇಳಬೇಕು.

ಇಷ್ಟೆಲ್ಲ ಯಾವಾಗ ಯೋಚಿಸೋದು? ನನ್ನ ಉತ್ತರ ಒಂದೇ. ಮುನ್ನಾದಿನ ಸಂಜೆ. ಹಾಜರಿ ಮುಗಿದು, ಆಳುಗಳು ಲೈನ್ ಮನೆಗೆ, ಅಂದರೆ ತಮ್ಮ ಸಾಲು ಮನೆಗಳಿಗೆ, ಹೋದ ಮೇಲೆ, ನಾಳೆ ಕೆಲಸ ಇರುವ ಜಾಗಕ್ಕೆ ಮೇಸ್ತ್ರಿ ಜೊತೆ ಒಂದು ಸುತ್ತು. ಹತ್ತು ನಿಮಿಷ ಸಾಕು. ಕೈಯಲ್ಲಿ ಕಾಗದ ಬೇಡ. ಮೊದಲು ಮೇಲೆ ನೋಡಿ, ತಂತಿ, ಒಣಗಿದ ಕೊಂಬೆ, ಹೆಜ್ಜೇನು, ಕಣಜದ ಗೂಡು. ಸಿಲ್ವರ್ ಓಕಿನ ಕೊಂಬೆ ಪೆಳಸು, ಗಾಳಿಗೆ ಮುರಿದು ಅರ್ಧಕ್ಕೇ ಸಿಕ್ಕಿಕೊಂಡಿರುತ್ತದೆ. ಆಮೇಲೆ ಕೆಳಗೆ ನೋಡಿ, ಇಳಿಜಾರು, ಹಳೆ ಗುಂಡಿ, ಜಾರುವ ಕಲ್ಲು. ಆಮೇಲೆ ಬುಡದಿಂದ ತೊಗಟೆ ನೋಡಿ. ಕೆಂಜಿರುವೆ ಸಾಲು ಹತ್ತುತ್ತಿದೆಯಾ? ಇರುವೆ ಏನು ಮಹಾ ಅನ್ನಬೇಡಿ. 20 ಅಡಿ ಮೇಲೆ ಕುತ್ತಿಗೆಗೆ ಹತ್ತು ಇರುವೆ ಒಟ್ಟಿಗೆ ಕಚ್ಚಿದರೆ ಎರಡೂ ಕೈ ತಾವಾಗಿಯೇ ಏಣಿ ಬಿಡುತ್ತವೆ.

ಸಿದ್ದಾಪುರ, ಮಾಲ್ದಾರೆ ಕಡೆಯವರು ಇಲ್ಲಿ ಜಾಸ್ತಿ ಇದ್ದೀರಿ. ಬೆಳಿಗ್ಗೆ ಆನೆ ಎಲ್ಲಿದೆ ಅಂತ ಕೇಳದೆ ಯಾರೂ ಕೆಲಸ ಶುರು ಮಾಡೋದಿಲ್ಲ ಅಂತ ನನಗೆ ಗೊತ್ತು. ರಾತ್ರಿ ಹಲಸಿನ ಮರದ ಬುಡಕ್ಕೆ ಬಂದಿತ್ತಾ, ಲದ್ದಿ ಹಸಿ ಇದೆಯಾ, ಕೆರೆ ಕಡೆ ಇಳಿಯಿತಾ. ನಿಮಗೆ ಯೋಜನೆ ಮಾಡೋದು ಹೇಗೆ ಅಂತ ನಾನು ಹೇಳಿಕೊಡಬೇಕಾಗಿಲ್ಲ. ಆನೆಗೆ ಮಾಡುವುದನ್ನೇ ಏಣಿಗೂ ಮಾಡಿ ಅಂತ ಕೇಳುತ್ತಿದ್ದೇನೆ.

ಈಗ ಏಣಿ ನಿಲ್ಲಿಸೋದು. ಎದ್ದು ನಿಂತು ತೋರಿಸುತ್ತೇನೆ, ಈ ಗೋಡೆಯೇ ಮರ ಅಂದುಕೊಳ್ಳಿ. ಏಣಿಯ ಬುಡಕ್ಕೆ ನನ್ನ ಕಾಲ ಬೆರಳು ತಾಗಿಸಿ ನೇರ ನಿಂತೆ. ಎರಡೂ ಕೈ ಮುಂದಕ್ಕೆ ನೇರ ಚಾಚಿದೆ. ಅಂಗೈ ಭುಜದ ಎತ್ತರದ ಮೆಟ್ಟಿಲಿಗೆ ಸರಿಯಾಗಿ ತಾಗಿತು. ಇಷ್ಟೇ ಓರೆ. ಕೈ ಮಡಚಬೇಕಾದರೆ ಏಣಿ ತೀರಾ ನೆಟ್ಟಗೆ, ಹಿಂದಕ್ಕೆ ಬೀಳುತ್ತದೆ. ಕೈ ಎಟುಕದಿದ್ದರೆ ತೀರಾ ಓರೆ, ಬುಡ ಜಾರುತ್ತದೆ. ಲೆಕ್ಕ ಬೇಕು ಅನ್ನುವವರಿಗೆ, ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿ ದೂರ. ನಮ್ಮದು ಇಳಿಜಾರಿನ ಜಿಲ್ಲೆ. ಏಣಿಯ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ. ಕೆಳಗಿನ ಕಾಲಿಗೆ ಕಲ್ಲು ಕೊಡುವ ಅಭ್ಯಾಸ ಬಿಡಿ, ಕಲ್ಲು ಉರುಳುತ್ತದೆ. ಗುದ್ದಲಿಯಲ್ಲಿ ಮೇಲಿನ ಕಾಲಿಗೆ ನೆಲ ಕೆತ್ತಿ ಸಮ ಮಾಡಿ. ಮೊದಲ ಸಲ ಹತ್ತುವಾಗ ಕೆಳಗೆ ಒಬ್ಬ ಹಿಡಿದಿರಬೇಕು. ಹತ್ತಿದವನು ತುದಿಯನ್ನು ಹಗ್ಗದಲ್ಲಿ ಮರಕ್ಕೆ ಬಿಗಿದ ಮೇಲೆಯೇ ಮೆಣಸಿಗೆ ಕೈ ಹಾಕಬೇಕು. ಮೆಣಸಿನ ಚೀಲ ಹೆಗಲಿಗೆ ಅಡ್ಡ ಹಾಕಿದ್ದರೆ ಕೈ ಎರಡೂ ಖಾಲಿ ಇರುತ್ತವೆ. ಹೊಕ್ಕುಳು ಏಣಿಯ ಎರಡು ಕಾಲಿನ ನಡುವೆಯೇ ಇರಬೇಕು. ಹೊಕ್ಕುಳು ಹೊರಗೆ ಹೋಯಿತು ಅಂದರೆ ಇಳಿದು ಏಣಿ ಸರಿಸಬೇಕು.

ಇಲ್ಲೇ ಕಷ್ಟ ಇರೋದು. ಯಾರೂ ಇಳಿಯುವುದಿಲ್ಲ. ಯಾಕೆ ಇಳಿಯುವುದಿಲ್ಲ?

ಇದಕ್ಕೆ ನಾವು ಬುದ್ಧಿವಾದ ಹೇಳುತ್ತಾ ಬಂದಿದ್ದೇವೆ, ಆಳುಗಳಿಗೆ ಜಾಗ್ರತೆ ಇಲ್ಲ ಅಂತ. ನಾನು ಒಂದು ವರ್ಷ ಕೂತು ಲೆಕ್ಕ ಹಾಕಿದೆ. ನಾವು ಕೂಲಿ ಕೊಡುವುದು ಕೆಜಿ ಲೆಕ್ಕದಲ್ಲಿ. ಇಳಿಯೋದು, ಹಗ್ಗ ಬಿಚ್ಚೋದು, ಏಣಿ ಸರಿಸೋದು, ನೆಲ ಕೆತ್ತೋದು, ಮತ್ತೆ ಕಟ್ಟೋದು, ಇದಕ್ಕೆ ಹತ್ತು ಹದಿನೈದು ನಿಮಿಷ. ಆ ಹೊತ್ತಿಗೆ ನಾವು ಒಂದು ಪೈಸೆ ಕೊಡುವುದಿಲ್ಲ. ಒಂದು ಮಾರು ದೂರದಲ್ಲಿ ಎರಡು ಕೆಜಿ ಮೆಣಸು ನೇತಾಡುತ್ತಿದೆ, ಸ್ವಲ್ಪ ಬಾಗಿದರೆ ಸಿಗುತ್ತದೆ. ನೀವಾದರೆ ಇಳಿಯುತ್ತೀರಾ? ನಾನೂ ಇಳಿಯುತ್ತಿರಲಿಲ್ಲ. ಕೂಲಿ ಹಾಗೆ ಇಟ್ಟು ಜಾಗ್ರತೆ ಅಂತ ಭಾಷಣ ಮಾಡಿದರೆ ಅದು ನಮ್ಮ ಸಮಾಧಾನಕ್ಕೆ ಅಷ್ಟೇ. ಆ ವರ್ಷದಿಂದ ಏಣಿ ಸರಿಸೋದಕ್ಕೆ ಅಂತಲೇ ದಿನಗೂಲಿಯ ಇಬ್ಬರನ್ನು ಇಟ್ಟೆವು. ಕುಯ್ಯುವವನು ಕೂಗಿದರೆ ಅವರು ಬಂದು ಸರಿಸಿ ಕಟ್ಟಿಕೊಡೋದು. ಸುಣ್ಣದ ಮರಗಳ ದಿನ ಎಲ್ಲರಿಗೂ ದಿನಗೂಲಿ, ಕೆಜಿ ಲೆಕ್ಕ ಇಲ್ಲ. ಖರ್ಚು ಜಾಸ್ತಿ ಆಯಿತಾ? ಆಯಿತು. ಸಾಹುಕಾರರಿಗೆ ತೋರಿಸೋ ಲೆಕ್ಕದಲ್ಲಿ ನಾನು ಅದನ್ನು 'ಮೆಣಸು ಕುಯ್ಲು' ಅಂತಲೇ ಬರೆದೆ, ಬೇರೆ ತಲೆಬರಹ ಕೊಡಲಿಲ್ಲ. ಬೇರೆ ತಲೆಬರಹ ಕೊಟ್ಟಿದ್ದರೆ ಮರುವರ್ಷ ಅದನ್ನೇ ಮೊದಲು ಕಡಿಯುತ್ತಿದ್ದರು.

ಭಾಷೆಯ ವಿಷಯ ಒಂದು ಮಾತು. ಈಗ ನಮ್ಮ ಲೈನ್ ಮನೆಗಳಲ್ಲಿ ಅಸ್ಸಾಂನವರು, ಬಂಗಾಳದವರು ಬೇಕಾದಷ್ಟಿದ್ದಾರೆ. ನಾವು ನಮ್ಮ ಹರಕು ಹಿಂದಿಯಲ್ಲಿ ಐದು ನಿಮಿಷ ಹೇಳುತ್ತೇವೆ. ಅವರು 'ಹಾಂ ಹಾಂ' ಅನ್ನುತ್ತಾರೆ. ನಮ್ಮ ಮಾತು ಮುಗಿಯಲಿ ಅಂತ ಅವರು ಹಾಂ ಅಂದದ್ದು. ಮಾತು ಬಿಡಿ, ಮಾಡಿಸಿ ನೋಡಿ. 'ತೋರಿಸು' ಅನ್ನಿ. ಏಣಿ ಮಲಗಿಸಿ ಹೊರಲಿ, ನಿಲ್ಲಿಸಲಿ, ಕಟ್ಟಲಿ. ಒಮ್ಮೆ ಮಾಡಿ ತೋರಿಸಿದ ಮೇಲೆ ಕೆಲಸಕ್ಕೆ ಬಿಡಿ. ಸುಣ್ಣದ ಗುರುತಿಗೆ ಯಾವ ಭಾಷೆಯೂ ಬೇಡ, ಅದಕ್ಕೇ ನನಗೆ ಅದರ ಮೇಲೆ ನಂಬಿಕೆ.

ಸುಣ್ಣ ಅಂದ ಕೂಡಲೇ ನೆನಪಾಯಿತು, ಬೋರ್ಡೋ. ಮೈಲುತುತ್ತ, ಅಂದರೆ ಕಾಪರ್ ಸಲ್ಫೇಟ್, ಮತ್ತು ಸುಣ್ಣ ಬೆರೆಸಿ ಬೆಳೆಗೆ ರೋಗ ಬಾರದ ಹಾಗೆ ಹೊಡೆಯುವ ದ್ರಾವಣ. ಮಳೆ ಶುರುವಾಗುವ ಮೊದಲು ಎಲ್ಲರೂ ಹೊಡೆಯುವವರೇ. ಇದರದ್ದೊಂದು ಕಥೆ ಇದೆ. ಫ್ರಾನ್ಸಿನ ಬೋರ್ಡೋ ಕಡೆ ದಾರಿಹೋಕರು ದ್ರಾಕ್ಷಿ ಕದಿಯುತ್ತಾರೆ ಅಂತ ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಬಳಿಯುತ್ತಿದ್ದರಂತೆ, ನೋಡಿದರೆ ವಿಷ ಅನ್ನಿಸಲಿ ಅಂತ. ಆ ಬಳ್ಳಿಗಳಿಗೆ ಮಾತ್ರ ರೋಗ ಬಾರದ್ದನ್ನು ಮಿಲ್ಲಾರ್ಡೆ ಅನ್ನುವ ಪ್ರೊಫೆಸರ್ ನಡೆದು ಹೋಗುವಾಗ ಗಮನಿಸಿದರು. 1885ರಲ್ಲಿ ಅದನ್ನು ಪ್ರಕಟಿಸಿದರು. ಅವರೂ ಸಂಜೆ ಒಂದು ಸುತ್ತು ಹೋಗುವವರೇ ಇರಬೇಕು.

ಇರಲಿ. ಶೇಕಡ 1ರ ದ್ರಾವಣ ಎಲ್ಲರಿಗೂ ಬಾಯಿಪಾಠ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ಆದರೆ ಕೆಲಸದ ಕ್ರಮ ಯಾರೂ ಬಾಯಿಪಾಠ ಮಾಡಿರುವುದಿಲ್ಲ. 50 ಲೀಟರಿನಲ್ಲಿ ಮೈಲುತುತ್ತ ಬೇರೆ ಕರಗಬೇಕು, 50 ಲೀಟರಿನಲ್ಲಿ ಸುಣ್ಣ ಬೇರೆ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹುಯ್ಯಬೇಕು, ಕೋಲಿನಲ್ಲಿ ಕಲಕುತ್ತಾ. ತಿರುಗಾಮುರುಗ ಮಾಡಬಾರದು. ಡ್ರಮ್ ಪ್ಲಾಸ್ಟಿಕ್ಕಿನದೇ ಆಗಬೇಕು, ಕಬ್ಬಿಣದ್ದು ಬೇಡ. ಕಬ್ಬಿಣದ ಕತ್ತಿ ಬೇಕು, ಅದು ಪರೀಕ್ಷೆಗೆ. ತಿಕ್ಕಿ ಹೊಳಪು ಮಾಡಿದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಒಂದು ನಿಮಿಷ ಮುಳುಗಿಸಿ ತೆಗೆಯಿರಿ. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಸುಣ್ಣ ಸಾಲದು. ಹಾಗೇ ಹೊಡೆದರೆ ಎಲೆ ಸುಡುತ್ತದೆ. ಮಾಡಿದ್ದನ್ನು ಅವತ್ತೇ ಖರ್ಚು ಮಾಡಬೇಕು.

ಒಂದು ವರ್ಷ ನಮ್ಮಲ್ಲಿ ಬೆಳಿಗ್ಗೆ ಏಳಕ್ಕೆ ಎಂಟು ಜನ ಸ್ಪ್ರೇಗೆ ಬಂದು ನಿಂತಿದ್ದಾರೆ. ಸುಣ್ಣದ ಚೀಲ ಬಿಚ್ಚಿದರೆ ಹಳೆಯದು, ಗಾಳಿಗೆ ಪೂರ್ತಿ ಪುಡಿಯಾಗಿ ಶಕ್ತಿ ಹೋಗಿದೆ. ಎಷ್ಟು ಹಾಕಿದರೂ ಕತ್ತಿ ಕೆಂಪು. ಕುಶಾಲನಗರದಿಂದ ಹೊಸ ಸುಣ್ಣ ಬರುವಾಗ ಹನ್ನೊಂದು ಗಂಟೆ. ತಡವಾಯಿತು ಅಂತ ಎಲ್ಲರಿಗೂ ಗಡಿಬಿಡಿ. ಆ ಗಡಿಬಿಡಿಯಲ್ಲಿ ಒಬ್ಬ ಸುಟ್ಟ ಸುಣ್ಣಕ್ಕೆ ಒಂದೇ ಸಲ ನೀರು ಸುರಿದ. ಕುದಿದು ಸಿಡಿದು ಅವನ ಕಣ್ಣಿಗೆ ಬಿತ್ತು. ಪಕ್ಕದಲ್ಲಿ ಇದ್ದದ್ದು ಮೈಲುತುತ್ತದ ನೀರು ಮಾತ್ರ. ಚೆನ್ನಾಗಿರೋ ನೀರಿಗೆ ಪೈಪ್ ಹತ್ತಿರ ಓಡಬೇಕಾಯಿತು. ಕಣ್ಣು ಉಳಿಯಿತು, ಪುಣ್ಯ. ಸುಣ್ಣ ಕಣ್ಣಿಗೆ ಬಿದ್ದರೆ ಆ ಕ್ಷಣದಿಂದಲೇ ಕಾಲು ಗಂಟೆ, ಇಪ್ಪತ್ತು ನಿಮಿಷ ತೊಳೆಯುತ್ತಲೇ ಇರಬೇಕು, ಆಮೇಲೆ ಆಸ್ಪತ್ರೆ. ಈಗ ನನ್ನ ಕ್ರಮ ಇದು. ಎಲ್ಲಕ್ಕಿಂತ ಮೊದಲು ಒಂದು ಬಿಂದಿಗೆ ಒಳ್ಳೆ ನೀರು ಪಕ್ಕದಲ್ಲಿ. ಕಣ್ಣಿಗೆ ಕನ್ನಡಕ. ಸುಣ್ಣವನ್ನು ಸ್ವಲ್ಪ ಸ್ವಲ್ಪವೇ ನೀರಿಗೆ ಹಾಕೋದು. ಆ ಕೆಲಸ ಹಿಂದಿನ ದಿನವೇ ಮುಗಿಸಿಬಿಟ್ಟರೆ ಇನ್ನೂ ಒಳ್ಳೆಯದು, ಸುಣ್ಣ ಹೇಗಿದೆ ಅಂತಲೂ ಗೊತ್ತಾಗುತ್ತದೆ. ಪ್ರಮಾಣದ ಬಗ್ಗೆ ಅನುಮಾನ ಇದ್ದರೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ ಇದೆ, ಅಪ್ಪಂಗಳದಲ್ಲಿ ಸಾಂಬಾರ ಬೆಳೆಗಳ ಕೇಂದ್ರ ಇದೆ, ಹೋಗಿ ಕೇಳಿ.

ಕಳೆ ಯಂತ್ರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಲ್ಲು ಸಿಡಿಯುತ್ತದೆ, 50 ಅಡಿ ಒಳಗೆ ಯಾರೂ ಇರಬಾರದು. ಬಿಸಿ ಇರುವಾಗ ಪೆಟ್ರೋಲ್ ಹಾಕಬಾರದು. ಎರಡೂ ನಿಮಗೆ ಗೊತ್ತು, ಎರಡನ್ನೂ ನೀವು ಪಾಲಿಸುವುದಿಲ್ಲ ಅಂತ ನನಗೂ ಗೊತ್ತು.

ಕೈಲ್ ಪೊಳ್ದ್, ಅಂದರೆ ಕೊಡವರ ಆಯುಧ ಪೂಜೆಯ ಹಬ್ಬದ ದಿನ ನಾವು ಕೋವಿ, ಕತ್ತಿಗಳನ್ನು ತೊಳೆದು ಒರೆಸಿ, ತೋಕ್ ಪೂ ಅನ್ನುವ ಹೂ ಇಟ್ಟು ಪೂಜೆ ಮಾಡುತ್ತೇವಲ್ಲ, ನಮ್ಮ ಮನೆಯಲ್ಲಿ ಅದರ ಸಾಲಿನಲ್ಲಿ ಈಗ ಏಣಿಯೂ ಇರುತ್ತದೆ. ಮೊಮ್ಮಕ್ಕಳಿಗೆ ತಮಾಷೆ. ಆ ನೆಪದಲ್ಲಿ ವರ್ಷಕ್ಕೊಮ್ಮೆ ಪ್ರತಿ ಮೆಟ್ಟಿಲನ್ನೂ ಕೈಯಿಂದ ಮುಟ್ಟಿ ನೋಡಿದ ಹಾಗಾಗುತ್ತದೆ. ಹೋದ ವರ್ಷ ಹಾಗೆ ಒರೆಸುವಾಗಲೇ ಮೂರನೇ ಮೆಟ್ಟಿಲಿನ ರಿವೆಟ್ ಸಡಿಲ ಇದ್ದದ್ದು ಸಿಕ್ಕಿತು.

ಕೊನೆಯಲ್ಲಿ ಪೊನ್ನಂಪೇಟೆ ಕಡೆಯ ಒಬ್ಬ ಮೇಸ್ತ್ರಿ ಎದ್ದು ಕೇಳಿದರು. 'ನಮ್ಮಲ್ಲಿ ಇನ್ನೂ ಒಂಟಿ ಬಿದಿರೇ ಇರೋದು. ಬಿದಿರಿಗೆ ಕರೆಂಟ್ ಹಿಡಿಯಲ್ವಲ್ಲ, ನಮಗೆ ಈ ಸುಣ್ಣದ ಗಲಾಟೆ ಯಾಕೆ?'

ಹಿಡಿಯುತ್ತದೆ. ಹಸಿ ಬಿದಿರು, ಇಬ್ಬನಿಯಲ್ಲಿ ನೆಂದ ಬಿದಿರು, ಬೆವರಿನ ಕೈಯ ಬಿದಿರು, ಎಲ್ಲದಕ್ಕೂ ಹಿಡಿಯುತ್ತದೆ. ಹನ್ನೊಂದು ಕೆವಿಗೆ ಒಣ ಬಿದಿರನ್ನೂ ನಾನು ನಂಬುವುದಿಲ್ಲ. ಸುಣ್ಣದ ಗುರುತು ನಿಮಗೂ ಅಷ್ಟೇ ಬೇಕು. ಅದಲ್ಲದೆ ಬಿದಿರಿಗೆ ಇನ್ನೊಂದು ಕಾಯಿಲೆ ಇದೆ. ಮಳೆಗಾಲವೆಲ್ಲ ಲೈನ್ ಮನೆಯ ಹಿಂದೆ ನೆನೆದು ನಿಂತ ಏಣಿಯನ್ನು ಫೆಬ್ರವರಿಯಲ್ಲಿ ತೆಗೆದು ಸೀದಾ ಮರಕ್ಕೆ ಒರಗಿಸುತ್ತೀರಿ. ಮಾಡಬೇಡಿ. ನೆಲದ ಮೇಲೆ ಮಲಗಿಸಿ, ಗಿಣ್ಣು ಗಿಣ್ಣಿಗೂ ಕತ್ತಿಯ ಹಿಂಬದಿಯಲ್ಲಿ ಬಡಿಯಿರಿ. ಟಣ್ ಅಂದರೆ ಸರಿ. ಬೊದ್ ಅಂದರೆ ಒಳಗೆ ಹುಳ ತಿಂದಿದೆ, ಬಚ್ಚಲ ಒಲೆಗೆ ಹಾಕಿ.